ಪುಟ್ಟ ಗೈಡಲ್ಲಿ ಯಾವುದು ತಗೊಳ್ಳುದು, ಕಾಲು ಹೇಗೆ ಉಜ್ಜುದು, ಹೇಗೆ ಕಟ್ಟುದು: ಸ್ವಂತ ಮೀನಿನ ಗಾಳದ ರಾಡ್ ಕಟ್ಟುವವರಿಗೆ

ಮೊನ್ನೆ ಪಕ್ಕದ ಮನೆ ಹುಡುಗ ಏಳು ಅಡಿ ಬ್ಲಾಂಕ್ (ಇನ್ನೂ ಏನೂ ಕಟ್ಟದ ಬರೀ ರಾಡಿನ ಕೋಲು) ಒಂದು ಹಿಡ್ಕೊಂಡು ಬಂದ, ಮೊಬೈಲಲ್ಲಿ ಗೈಡಿನ (ದಾರ ಹಾದು ಹೋಗ್ಲಿಕ್ಕೆ ರಾಡಿಗೆ ಕಟ್ಟುವ ರಿಂಗಿನ ತುಂಡು) ಫೋಟೋ ತೋರಿಸಿ "ಅಣ್ಣ, 4 ನಂಬರಿಂದು ತರಿಸುದಾ 5.5 ತರಿಸುದಾ" ಅಂತ ಕೇಳಿದ. ನಾನು ಹೇಳಿದೆ, ಮೊದಲು ನಿನ್ನ ಲೀಡರಿನ ಗಂಟು ತೋರಿಸು ಮಾರಾಯ, ಗೈಡ್ ಆಮೇಲೆ ನೋಡುವ. ಅವನಿಗೆ ನಾನು ತಮಾಷೆ ಮಾಡ್ತಿದ್ದೇನೆ ಅನಿಸಿತು. ತಮಾಷೆ ಅಲ್ಲ, ಲೀಡರ್ ಅಂದ್ರೆ ಮುಖ್ಯ ದಾರದ ತುದಿಗೆ ಗಂಟು ಹಾಕುವ ದಪ್ಪ ದಾರದ ತುಂಡು, ಆ ಗಂಟು ಗೈಡಿನೊಳಗಿಂದಲೇ ಹಾದು ಹೋಗಬೇಕು, ಪುಟ್ಟ ಗೈಡಿನ ವಿಷಯದಲ್ಲಿ ಎಲ್ಲ ಲೆಕ್ಕ ಶುರು ಆಗುದೇ ಆ ಗಂಟಿನಿಂದ. ಮತ್ತೆ ನನ್ನ ಅನುಭವದಲ್ಲಿ ರಾಡ್ ಹಾಳಾಗುದು ಗೈಡಿನ ಬ್ರಾಂಡಿನಿಂದ ಅಲ್ಲ, ಗೈಡಿನ ಕಾಲು (ಬ್ಲಾಂಕಿಗೆ ತಾಗಿ ನೂಲಿನಡಿ ಕೂರುವ ಲೋಹದ ಪಟ್ಟಿ) ಸರಿ ಉಜ್ಜದೆ ಕಟ್ಟಿದ್ದರಿಂದ. ಜನ ಎಲ್ಲ ತಲೆ ಕೆಡಿಸಿಕೊಳ್ಳುದು ಮಾತ್ರ ಒಳಗಿನ ಪಿಂಗಾಣಿ ರಿಂಗ್ ಯಾವುದು ಅಂತ.

ಮೊದಲು ನಂಬರಿನ ವಿಷಯ. 4, 4.5, 5, 5.5 ಅಂತ ಬರುದು ಹೆಚ್ಚುಕಮ್ಮಿ ರಿಂಗಿನ ಹೊರಗಿನ ಅಳತೆ, ಮಿಲಿಮೀಟರಲ್ಲಿ. ಒಳಗಿನ ತೂತು ಅದಕ್ಕಿಂತ ಎಷ್ಟೋ ಚಿಕ್ಕದು, ಅದೂ ರಿಂಗಿನ ಗೋಡೆ ಎಷ್ಟು ದಪ್ಪ ಅನ್ನುದರ ಮೇಲೆ ಹೋಗ್ತದೆ. ಹಾಗಾಗಿ ಎರಡು ಕಂಪೆನಿಯ 4.5 ಒಂದೇ ಅಂತ ತಿಳ್ಕೊಂಡ್ರೆ ಮೋಸ. ನಾನು ಮಾಡುದು ಸುಲಭ, ಮನೆಯಲ್ಲಿರುವ ಸಣ್ಣ ಡ್ರಿಲ್ ಬಿಟ್‌ಗಳ ಹಿಂದಿನ ನಯ ಭಾಗವನ್ನು ಮೆಲ್ಲಗೆ ರಿಂಗಿನೊಳಗೆ ತೂರಿಸಿ ನೋಡುದು, ಹೋಗುವುದರಲ್ಲಿ ಎಲ್ಲಕ್ಕಿಂತ ದಪ್ಪದ್ದು ಯಾವುದೋ ಅದೇ ತೂತಿನ ಅಳತೆ. ಒತ್ತಬಾರದು ಅಷ್ಟೇ, ಸ್ಟೀಲು ಪಿಂಗಾಣಿಗೆ ತಾಗುದು.

ಇನ್ನು ಗಂಟು. ಬ್ರೇಡಿಗೆ (ಎಳೆ ಎಳೆ ಹೆಣೆದ ತೆಳು ದಾರ) ಲೀಡರ್ ಎಫ್‌ಜಿ ಗಂಟಲ್ಲಿ ಕಟ್ಟುವವರಾದ್ರೆ ಗಂಟು ತೆಳ್ಳಗೆ ಇರ್ತದೆ, 4.5ರಲ್ಲಿಯೂ ಜಾರಿ ಹೋಗ್ತದೆ. ಡಬಲ್ ಯುನಿ ಅನ್ನುವ ದಪ್ಪ ಗಂಟು ಹಾಕುವವರಾದ್ರೆ, ಅದೂ 40 ಪೌಂಡಿನ ದಪ್ಪ ಲೀಡರಿಗೆ, ಪ್ರತಿ ಸಲ ಎಸೆಯುವಾಗ ಟಿಕ್ ಟಿಕ್ ಟಿಕ್ ಅಂತ ಒಂದೊಂದೇ ಗೈಡಿಗೆ ಬಡಿದು ಹೋಗುದು ಕೈಗೇ ಗೊತ್ತಾಗ್ತದೆ, ಒಂದು ದಿನ ಗಂಟು ಸಿಕ್ಕಿಹಾಕಿಕೊಂಡು ಲೂರ್ (ನಕಲಿ ಮೀನಿನ ಆಮಿಷ) ಮಾತ್ರ ಸಮುದ್ರಕ್ಕೆ ಹೋಗ್ತದೆ. ನಮ್ಮ ಕಡೆ ಅಳಿವೆಯಲ್ಲಿ ಕೆಂಬೇರಿ, ಮುರು ಹಿಡಿಯುವವರಿಗೆ ದಪ್ಪ ಲೀಡರ್ ಬೇಕೇ ಬೇಕು, ಕಲ್ಲಿನ ಸಂದಿಗೆ ನುಗ್ಗುವ ಮೀನು ಅದು. ಅವರಿಗೆ ನನ್ನ ಉತ್ತರ 5.5, ಕಣ್ಣು ಮುಚ್ಚಿ. ಸಣ್ಣ ಲೂರ್ ಹಾಕಿ ತೆಳು ಬ್ರೇಡಲ್ಲಿ ಆಟ ಆಡುವವರು 4 ಅಥವಾ 4.5 ಹಾಕಿ, ಖುಷಿ ಬೇರೆಯೇ ಉಂಟು. ನೈಲಾನ್ ದಪ್ಪ ದಾರ ಹಾಕುವವರು ಮೈಕ್ರೋ, ಅಂದ್ರೆ ಈ ಪುಟ್ಟ ಗೈಡಿನ, ಆಸೆ ಬಿಡುದೇ ಒಳ್ಳೆಯದು, ಸುರುಳಿ ಸುರುಳಿಯಾಗಿ ಬರುವ ದಪ್ಪ ದಾರಕ್ಕೆ ಆ ತೂತು ಸಾಕಾಗುದಿಲ್ಲ.

ಚಿಕ್ಕದು ಹಾಕಿದ್ರೆ ಲಾಭ ಎಂತದು ಅಂತ ಕೇಳುವವರಿಗೆ: ರಾಡಿನ ತುದಿಯ ಭಾರ. ಹಿಡಿಯಿಂದ ಮೂರು ಅಡಿ ದೂರದಲ್ಲಿರುವ ಒಂದು ಗ್ರಾಮನ್ನು ಆರು ಅಡಿ ದೂರಕ್ಕೆ ತಗೊಂಡು ಹೋದ್ರೆ ಅದನ್ನು ಬೀಸ್ಲಿಕ್ಕೆ ಬೇಕಾಗುವ ಬಲ ಎರಡು ಪಟ್ಟು ಅಲ್ಲ, ನಾಲ್ಕು ಪಟ್ಟು. ಹಾಗಾಗಿ ತುದಿಯಲ್ಲಿ ಒಂದು ಚೂರು ಕಮ್ಮಿ ಮಾಡಿದ್ರೂ ರಾಡ್ ಎಸೆದ ಮೇಲೆ ಬೇಗ ನೆಟ್ಟಗಾಗ್ತದೆ, ಮೀನು ಮೂಸಿ ನೋಡಿದ್ದು ಕೂಡ ಕೈಗೆ ಬರ್ತದೆ. ಆದ್ರೆ ಇಲ್ಲೊಂದು ಮೋಸ ಉಂಟು. ಪುಟ್ಟ ಗೈಡಿನ ಫ್ರೇಮ್ (ರಿಂಗನ್ನು ಹಿಡಿದುಕೊಳ್ಳುವ ಲೋಹದ ಚೌಕಟ್ಟು) ಗಿಡ್ಡ, ರಾಡ್ ಬಾಗಿದಾಗ ದಾರ ಬ್ಲಾಂಕಿಗೆ ತಾಗಬಾರದು ಅಂದ್ರೆ ಗೈಡ್ ಜಾಸ್ತಿ ಬೇಕು, ಏಳು ಅಡಿ ಕ್ಯಾಸ್ಟಿಂಗ್ ರಾಡಿಗೆ (ರೀಲು ಮೇಲೆ ಕೂರುವಂಥದ್ದು) ತುದಿಯದ್ದು ಬಿಟ್ಟು ಒಂಬತ್ತು ಹತ್ತು ಆಗ್ತದೆ. ಪ್ರತಿಯೊಂದಕ್ಕೂ ನೂಲು, ನೂಲಿನ ಮೇಲೆ ಎಪಾಕ್ಸಿ (ಎರಡು ಬಾಟ್ಲಿಯದ್ದು ಕಲಸಿ ಹಚ್ಚುವ, ಗಟ್ಟಿಯಾಗುವ ಅಂಟು). ಉದ್ದುದ್ದ ಸುತ್ತಿ ಜೇನು ಸುರಿದ ಹಾಗೆ ಎಪಾಕ್ಸಿ ಹಾಕಿದ್ರೆ ಚಿಕ್ಕ ಗೈಡ್ ತಗೊಂಡು ಉಳಿಸಿದ ಭಾರ ಎಲ್ಲ ವಾಪಸ್ ಬಂತು.

ಈಗ ಫ್ರೇಮ್. ಜಪಾನಿನ ಫ್ಯೂಜಿಯದ್ದು ಕೆಟಿ ಮತ್ತು ಕೆಬಿ ಅಂತ ಎರಡು ಒಂಟಿ ಕಾಲಿನ ಗೈಡ್ ಉಂಟಲ್ಲ, ಹೆಚ್ಚಿನವರಿಗೆ ಗೊಂದಲ ಆಗುದು ಇಲ್ಲಿಯೇ. ಕೆಟಿ ಗಿಡ್ಡ, ರಿಂಗ್ ಬ್ಲಾಂಕಿಗೆ ಹತ್ರ. ಕೆಬಿ ಸ್ವಲ್ಪ ಎತ್ತರ. ಎರಡರದ್ದೂ ಫ್ರೇಮ್ ವಾಲಿಕೊಂಡು ಇರ್ತದೆ, ಗಾಳಿಗೆ ಬ್ರೇಡ್ ಸುತ್ತಿಕೊಂಡ್ರೆ ತಾನೇ ಜಾರಿ ಬಿಡುವ ಹಾಗೆ. ಸ್ಪಿನ್ನಿಂಗ್ ರಾಡಲ್ಲಿ (ರೀಲು ಅಡಿಯಲ್ಲಿ ನೇತಾಡುವಂಥದ್ದು, ದಾರ ಸುರುಳಿಯಾಗಿ ಹೊರಗೆ ಬರ್ತದೆ) ನಾನು ರೀಲಿನ ಕಡೆಯಿಂದ 20, 10, 5.5 ಅಂತ ಎತ್ತರದ ಮೂರು ಗೈಡ್ ಹಾಕಿ ದಾರದ ಸುರುಳಿಯನ್ನು ಬೇಗ ಕಿರಿದು ಮಾಡ್ತೇನೆ, ಅದಾದ ಮೇಲೆ ಮೊದಲ ಒಂದೆರಡು ಕೆಬಿ, ಅಲ್ಲಿಂದ ತುದಿವರೆಗೆ ಕೆಟಿ. ಎಲ್ಲ ಕೆಟಿಯೇ ಹಾಕಿದ್ರೆ ಒದ್ದೆ ಬ್ರೇಡ್ ಬ್ಲಾಂಕಿಗೆ ಪಟಪಟ ಬಡಿತದೆ, ಎಲ್ಲ ಕೆಬಿ ಹಾಕಿದ್ರೆ ಹಾಳೇನೂ ಆಗುದಿಲ್ಲ, ತುದಿ ಒಂಚೂರು ಭಾರ, ಅಷ್ಟೇ. ಮೊದಲ ರಾಡ್ ಕಟ್ಟುವವರು ಎಲ್ಲ ಕೆಬಿ ತಗೊಂಡ್ರೂ ನಾನು ಬೈಯುದಿಲ್ಲ, ಎತ್ತರ ಇದ್ದಷ್ಟು ಎಪಾಕ್ಸಿ ರಿಂಗಿಗೆ ನುಗ್ಗುವ ಭಯ ಕಮ್ಮಿ.

ರಿಂಗ್ ಇಲ್ಲದ ಗೈಡ್ ಕೂಡ ಬರ್ತದೆ, ಪೆಸಿಫಿಕ್ ಬೇಯವರ ಮಿನಿಮಾ ಹಾಗೆ, ಒಳಗೆ ಪಿಂಗಾಣಿ ಇಲ್ಲವೇ ಇಲ್ಲ, ಹಾಗಾಗಿ ಹೊರಗಿನ ಅಳತೆ ಚಿಕ್ಕದಿದ್ರೂ ತೂತು ದೊಡ್ಡದು. ಕಲ್ಲಿಗೆ ಬಡಿದ್ರೆ ರಿಂಗ್ ಉದುರುವ ಚಿಂತೆಯೂ ಇಲ್ಲ. ಆರ್‌ಇಸಿಯವರ ರಿಕಾಯಿಲ್ ಅಂತ ಇನ್ನೊಂದು, ನಿಕಲ್ ಟೈಟಾನಿಯಂ ಕಂಬಿ, ಬೆರಳಲ್ಲಿ ಚಪ್ಪಟೆ ಮಾಡಿ ಬಿಟ್ರೆ ಪುನಃ ಮೊದಲಿನ ಆಕಾರಕ್ಕೆ ಬರ್ತದೆ, ದೋಣಿಯಲ್ಲಿ ರಾಡ್ ಮೆಟ್ಟುವವರು ಇರುವ ಕಡೆಗೆ ಹೇಳಿ ಮಾಡಿಸಿದ್ದು. ಆದ್ರೆ ಕಂಬಿಯ ಕಾಲು ಕಟ್ಟುದು ಚಪ್ಪಟೆ ಕಾಲಿನಷ್ಟು ಸುಲಭ ಅಲ್ಲ, ಮೊದಲ ರಾಡಿಗೆ ಬೇಡ.

ರಿಂಗಿನ ಮಾಲು: ಅಲ್ಯುಮಿನಿಯಂ ಆಕ್ಸೈಡ್, ಅಲ್ಕೊನೈಟ್, ಎಸ್‌ಐಸಿ, ಟಾರ್ಜೈಟ್, ಈ ಸಾಲಲ್ಲಿ ರೇಟ್ ಏರ್ತಾ ಹೋಗ್ತದೆ. ಅಲ್ಕೊನೈಟ್ ಧಾರಾಳ ಸಾಕು. ಫ್ರೇಮಿಗೆ ಮಾತ್ರ ಸಮುದ್ರದವರು ಯೋಚನೆ ಮಾಡಿ: ಸ್ಟೇನ್‌ಲೆಸ್ ಅಂತ ಹೆಸರು ಮಾತ್ರ, ನಮ್ಮ ಉಪ್ಪುಗಾಳಿಗೆ ಒಂದು ವರ್ಷದಲ್ಲಿ ಕಾಲಿನ ಬುಡದಲ್ಲಿ ಕಂದು ಬಣ್ಣ ಕಾಣ್ತದೆ, ಟೈಟಾನಿಯಂ ಆದ್ರೆ ಆ ತಲೆಬಿಸಿ ಇಲ್ಲ, ರೇಟ್ ಕೇಳಿದ್ರೆ ತಲೆಬಿಸಿ. ಕೆರೆ ಹೊಳೆಯವರಿಗೆ ಸ್ಟೀಲ್ ಸಾಕು. ಅಗ್ಗದ, ಹೆಸರೇ ಇಲ್ಲದ ಪ್ಯಾಕೆಟ್ ಮಾಲು ನಾನೂ ಒಮ್ಮೆ ತರಿಸಿದ್ದೆ, ಐವತ್ತರಲ್ಲಿ ಆರು ಗೈಡಿನ ರಿಂಗ್ ಸೀಳಿತ್ತು, ಕಣ್ಣಿಗೆ ಕಾಣುದಿಲ್ಲ, ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಒಳಗೆ ತಿರುಗಿಸಿದಾಗ ಹತ್ತಿಯ ಎಳೆ ಸಿಕ್ಕಿ ನಿಂತಿತು. ಈ ಪರೀಕ್ಷೆ ಎಷ್ಟು ದುಡ್ಡಿನ ಗೈಡ್ ಆದ್ರೂ ಮಾಡಿ, ಬ್ರೇಡಿಗೆ ಸೀಳಿದ ರಿಂಗ್ ಅಂದ್ರೆ ಬ್ಲೇಡ್.

ಈಗ ಕಾಲು, ನನಗೆ ಹೇಳ್ಲಿಕ್ಕೆ ಇದ್ದದ್ದೇ ಇದು. ಗೈಡಿನ ಕಾಲಿನ ತುದಿ ಫ್ಯಾಕ್ಟರಿಯಿಂದ ಬರುವಾಗ ಮೊಂಡು ಇರ್ತದೆ, ಕೆಲವು ಕಂಪೆನಿಯವರು ಉಜ್ಜಿಯೇ ಕಳಿಸ್ತಾರೆ, ಆದ್ರೂ ನಂಬಬೇಡಿ, ಉಗುರಲ್ಲಿ ಸವರಿ ನೋಡಿ. ನೂಲು ಬ್ಲಾಂಕಿನ ಮೇಲೆ ಸುತ್ತಿಕೊಂಡು ಬಂದು ಕಾಲಿನ ಮೇಲೆ ಹತ್ತಬೇಕು, ಅಲ್ಲಿ ಮೆಟ್ಟಿಲು ಇದ್ರೆ ನೂಲು ಹತ್ತುದಿಲ್ಲ, ಜಾರಿ ಒಂದು ಸಂದು ಬಿಡ್ತದೆ, ದೊಡ್ಡ ಗೈಡಲ್ಲಿ ಅದು ಅಷ್ಟು ಎದ್ದು ಕಾಣುದಿಲ್ಲ, ಪುಟ್ಟ ಗೈಡಲ್ಲಿ ಒಟ್ಟು ಸುತ್ತುವ ಜಾಗವೇ ಅಷ್ಟಿರುದು, ಹಲ್ಲು ಬಿದ್ದ ಹಾಗೆ ಕಾಣ್ತದೆ. ಇದು ಅಂದದ ವಿಷಯ ಆಯ್ತು. ಅದಕ್ಕಿಂತ ಮುಖ್ಯ ಕಾಲಿನ ಅಡಿಭಾಗ. ಅಲ್ಲಿ ಕೂದಲೆಳೆಯಷ್ಟು ಕುರುಚಲು ಲೋಹ ಉಳಿದ್ರೆ ರಾಡ್ ಬಾಗಿದಾಗಲೆಲ್ಲ ಅದು ಬ್ಲಾಂಕಿನ ಗ್ರಾಫೈಟನ್ನು ಗೀರ್ತದೆ, ಗ್ರಾಫೈಟ್ ಗೀರು ಬಿದ್ದಲ್ಲಿಯೇ ಒಡೆಯುದು. ನನ್ನ ಎರಡನೇ ರಾಡ್ ಕಾಪು ಬೀಚಿನ ಬಂಡೆ ಮೇಲೆ ನಿಂತಾಗ ಹೋಯಿತು, ಮೀನೂ ಇರ್ಲಿಲ್ಲ, ಕಲ್ಲಿಗೆ ಸಿಕ್ಕಿದ ಲೂರ್ ಎಳೆಯುವಾಗ ಟಪ್ ಅಂತ. ಮನೆಗೆ ತಂದು ನೂಲು ಬಿಚ್ಚಿ ನೋಡಿದ್ರೆ ಮೂರನೇ ಗೈಡಿನ ಕಾಲಿನ ತುದಿ ಎಲ್ಲಿತ್ತೋ ಸರೀ ಅಲ್ಲಿಯೇ ಅಡ್ಡಕ್ಕೆ ಗೆರೆ ಎಳೆದ ಹಾಗೆ ಮುರಿದಿತ್ತು. ಬ್ಲಾಂಕ್ ಕಂಪೆನಿಯವರಿಗೆ ಎರಡು ದಿನ ಬೈದ ಮೇಲೆ ಗೊತ್ತಾದದ್ದು, ತಪ್ಪು ನನ್ನದೇ ಅಂತ.

ಉಜ್ಜಲಿಕ್ಕೆ ಎರಡು ದಾರಿ: ಕೈ ಅರ ಅಥವಾ ಮಿನಿ ಗ್ರೈಂಡರ್. ಮಿನಿ ಗ್ರೈಂಡರಲ್ಲಿ ಒಂದು ಕಾಲು ಹತ್ತು ಸೆಕೆಂಡಿನ ಕೆಲಸ, ಆದ್ರೆ ಪುಟ್ಟ ಗೈಡ್ ಅಷ್ಟರಲ್ಲಿ ಕೈ ಸುಡುವಷ್ಟು ಬಿಸಿ ಆಗ್ತದೆ, ಆ ಬಿಸಿಗೆ ರಿಂಗ್ ಸಡಿಲ ಆಗುವ ಅಪಾಯ ಉಂಟು, ಮತ್ತೆ ಒಂದು ಕ್ಷಣ ಕೈ ತಪ್ಪಿದ್ರೆ ಕಾಲು ಅರ್ಧ ಹೋಯಿತು. ಕೈ ಅರ ಅಂದ್ರೆ ಚಿನ್ನದ ಕೆಲಸದ ಆಚಾರಿಗಳು ಬಳಸುವ ಸಣ್ಣ ಅರ, ಅದರ ಸಾಮಾನು ಮಾರುವ ಅಂಗಡಿಯಲ್ಲಿ ಸೆಟ್ ಸಿಗ್ತದೆ. ಒಂದು ಕಾಲಿಗೆ ಎರಡು ಮೂರು ನಿಮಿಷ, ಹತ್ತು ಗೈಡಿಗೆ ಅರ್ಧ ಗಂಟೆ, ಕ್ರಿಕೆಟ್ ನೋಡ್ತಾ ಮಾಡಬಹುದು. ನಾನು ಗ್ರೈಂಡರ್ ಇದ್ದೂ ಮೈಕ್ರೋಗೆ ಅರವನ್ನೇ ಹಿಡಿಯುದು, ದೊಡ್ಡ 20ರ ಗೈಡಿಗೆ ಮಾತ್ರ ಗ್ರೈಂಡರ್, ಅದೂ ನಡುನಡುವೆ ನೀರಿಗೆ ಅದ್ದಿ.

ಹಿಡಿಯುದು ಹೇಗೆ ಅಂತ ಕೇಳಿದ್ರೆ, ರಿಂಗ್ ಹಿಡಿಯಬಾರದು, ಇಕ್ಕಳದಲ್ಲಿ ರಿಂಗ್ ಅಮುಕಿದ್ರೆ ಫ್ರೇಮ್ ಮೊಟ್ಟೆ ಆಕಾರ ಆಗಿ ಪಿಂಗಾಣಿ ಉದುರ್ತದೆ. ಕಾಲಿನ ಬುಡವನ್ನು ಚೂಪು ಮೂತಿಯ ಇಕ್ಕಳದಲ್ಲಿ ಹಿಡಿದು, ಕಾಲಿನ ತುದಿಯನ್ನು ಒಂದು ಮರದ ತುಂಡಿನ ಅಂಚಿಗೆ ಒರಗಿಸಿ, ಅರವನ್ನು ಬುಡದಿಂದ ತುದಿ ಕಡೆಗೆ ಒಂದೇ ದಿಕ್ಕಿಗೆ ಓಡಿಸಿ. ಮೇಲ್ಭಾಗ ಇಳಿಜಾರು ಆಗಬೇಕು, ತುದಿ ಕಾಗದದಷ್ಟು ತೆಳ್ಳಗೆ, ಆದ್ರೆ ಚೂರಿ ಹಾಗೆ ಹರಿತ ಅಲ್ಲ, ಹರಿತ ಆದ್ರೆ ನೂಲೇ ತುಂಡಾಗ್ತದೆ. ಎರಡು ಬದಿಯ ಮೂಲೆ ಕೂಡ ಒಂದೊಂದು ಸಲ ಸವರಿ. ಆಮೇಲೆ ಮಗುಚಿ ಹಾಕಿ 400 ನಂಬರಿನ ಪಾಲಿಶ್ ಪೇಪರನ್ನು ಗಾಜಿನ ಮೇಲೆ ಇಟ್ಟು ಅಡಿಭಾಗವನ್ನು ನಾಲ್ಕೈದು ಸಲ ಉಜ್ಜಿ. ಕಾಲು ನೇರ ಉಂಟಾ ನೋಡ್ಲಿಕ್ಕೆ ಸ್ಟೀಲ್ ಸ್ಕೇಲಿನ ಮೇಲೆ ಇಟ್ಟು ಬೆಳಕಿಗೆ ಹಿಡಿಯಿರಿ, ಅಡಿಯಿಂದ ಬೆಳಕು ನುಸುಳಿದ್ರೆ ಕಾಲು ಬಾಗಿದೆ ಅಂತ, ಮೆಲ್ಲಗೆ ಸರಿಮಾಡಿ. ಉಜ್ಜಿದ ಕಡೆ ಕಪ್ಪು ಹೋಗಿ ಬೆಳ್ಳಿ ಹೊಳಪು ಬರ್ತದೆ, ಅದು ನೂಲಿನ ಸಂದಿಯಿಂದ ಮಿಣಮಿಣ ಕಾಣ್ತದೆ, ಕಪ್ಪು ಪರ್ಮನೆಂಟ್ ಮಾರ್ಕರ್ ಎಳೆದ್ರೆ ಮುಗೀತು. ಬಣ್ಣ ಹೋದ ಸ್ಟೀಲಿಗೆ ತುಕ್ಕು ಬೇಗ ಹಿಡಿತದೆ, ಹಾಗಾಗಿ ಉಜ್ಜಿದ ಭಾಗ ಪೂರ್ತಿ ಎಪಾಕ್ಸಿಯ ಒಳಗೆ ಬರಬೇಕು, ಒಂದು ಕೂದಲಷ್ಟೂ ಹೊರಗೆ ಉಳಿಯಬಾರದು.

ಕಾಲು ಆದ ಮೇಲೆ ಗೈಡನ್ನು ಬ್ಲಾಂಕಿಗೆ ತಾತ್ಕಾಲಿಕ ನಿಲ್ಲಿಸುದು. ಕೆಲವರು ಮಾಸ್ಕಿಂಗ್ ಟೇಪ್ ಹಾಕ್ತಾರೆ, ಕೆಲವರು ಒಂದು ಹನಿ ಸೂಪರ್ ಗ್ಲೂ, ಕೆಲವರು ಹಾಟ್ ಗ್ಲೂ, ಹಲ್ಲಿನ ಕ್ಲಿಪ್ಪಿಗೆ ಹಾಕುವ ಸಣ್ಣ ರಬ್ಬರ್ ರಿಂಗ್ ಬಳಸುವವರೂ ಇದ್ದಾರೆ. ಸೂಪರ್ ಗ್ಲೂ ನನಗೆ ಆಗುದಿಲ್ಲ, ಒಮ್ಮೆ ಅಂಟಿದ್ರೆ ಸಾಲು ಸರಿಮಾಡ್ಲಿಕ್ಕೆ ಬರುದಿಲ್ಲ, ಪುಟ್ಟ ಗೈಡಿನ ಸಾಲು ಒಂಚೂರು ಸೊಟ್ಟ ಆದ್ರೂ ದೂರದಿಂದ ಕಾಣ್ತದೆ. ಟೇಪ್ ಪುಟ್ಟ ಕಾಲನ್ನೇ ಪೂರ್ತಿ ಮುಚ್ಚಿ ಬಿಡ್ತದೆ, ನೂಲು ಸುತ್ತುದೆಲ್ಲಿ? ನನ್ನದು ಹಳೇ ಸೈಕಲಿನ ವಾಲ್ ಟ್ಯೂಬ್, ಹತ್ತು ರೂಪಾಯಿ ಒಳಗೆ ಒಂದು ತುಂಡು, ಕತ್ತರಿಯಲ್ಲಿ ಒಂದು ಮಿಲಿಮೀಟರ್ ದಪ್ಪಕ್ಕೆ ಬಳೆ ಬಳೆ ಕತ್ತರಿಸಿ ತುದಿಯಿಂದ ಬ್ಲಾಂಕಿಗೆ ತೊಡಿಸಿ ಗೈಡಿನ ಕಾಲಿನ ಮೇಲೆ ಕೂರಿಸುದು. ಗೈಡ್ ಬೇಕಾದಲ್ಲಿಗೆ ಜಾರಿಸಬಹುದು, ತಿರುಗಿಸಬಹುದು, ನೂಲು ಬಳೆವರೆಗೆ ಬಂದಾಗ ಬಳೆಯನ್ನು ಕತ್ತರಿಸಿ ತೆಗೆದ್ರೆ ಆಯ್ತು. ಕತ್ತರಿಸ್ಲಿಕ್ಕೆ ಉಗುರಿನ ಕತ್ತರಿ, ದಯವಿಟ್ಟು ಬ್ಲೇಡ್ ಬೇಡ, ಕಾಪುವಿನ ಕತೆ ಮೇಲೆ ಹೇಳಿದ್ದೇನೆ.

ಈ ಬಳೆಗಳಲ್ಲಿ ನಿಲ್ಲಿಸಿದ ಸ್ಥಿತಿಯಲ್ಲೇ ಒಂದು ಕೆಲಸ ಮಾಡಿ. ದಾರ ಎಲ್ಲ ಗೈಡಿನೊಳಗೆ ತೂರಿಸಿ ತುದಿಗೆ ಒಂದು ನೀರಿನ ಬಾಟ್ಲಿ ಕಟ್ಟಿ ರಾಡ್ ಎತ್ತಿ, ಬಾಗಿದ ಬ್ಲಾಂಕಿನ ಜೊತೆ ದಾರವೂ ಬಾಗಬೇಕು, ಎರಡು ಗೈಡಿನ ನಡುವೆ ದಾರ ಚಪ್ಪಟೆ ಗೆರೆ ಆಗಿ ಬ್ಲಾಂಕಿಗೆ ತಾಗಿದ್ರೆ ಆ ಎರಡನ್ನು ಹತ್ರ ಮಾಡಿ ಅಥವಾ ಒಂದು ಗೈಡ್ ಸೇರಿಸಿ. ಇಂಟರ್‌ನೆಟ್ಟಲ್ಲಿ ಸಿಗುವ ಅಳತೆಯ ಪಟ್ಟಿ ಶುರುಮಾಡ್ಲಿಕ್ಕೆ ಒಳ್ಳೆಯದು, ಆದ್ರೆ ನಿಮ್ಮ ಬ್ಲಾಂಕ್ ಎಲ್ಲಿ ಬಾಗ್ತದೆ ಅಂತ ಪಟ್ಟಿಗೆ ಗೊತ್ತಿಲ್ಲ.

ನೂಲಿಗೆ ಎ ಸೈಜ್, ಡಿ ಸೈಜ್ ಅಂತ ಎರಡು ಹೆಚ್ಚು ಬಳಕೆ. ಡಿ ದಪ್ಪ, ದೊಡ್ಡ ಗೈಡಿಗೆ. ಮೈಕ್ರೋಗೆ ಎ. ನೈಲಾನ್ ನೂಲು ಎಪಾಕ್ಸಿ ಕುಡಿದ್ರೆ ಬಣ್ಣ ಗಾಢ ಆಗಿ ಅರೆಪಾರದರ್ಶಕ ಆಗ್ತದೆ, ಕೆಂಪು ಸುತ್ತಿದವನಿಗೆ ಕಂದು ಕಂಡು ಬೇಜಾರು ಆಗ್ತದೆ, ಬಣ್ಣ ಹಾಗೇ ಬೇಕಾದ್ರೆ ಎನ್‌ಸಿಪಿ ನೂಲು ತಗೊಳ್ಳಿ. ಟೈಲರ್ ಅಂಗಡಿಯ ನೂಲು ಆಗ್ತದಾ ಅಂತ ಎಲ್ಲರೂ ಕೇಳ್ತಾರೆ. ಬಟ್ಟೆ ಹೊಲಿಯುವ ಮಾಮೂಲಿ ನೂಲು ಬೇಡ, ಅದಕ್ಕೆ ರೋಮ ಇರ್ತದೆ, ಎಪಾಕ್ಸಿ ಹಾಕಿದ ಮೇಲೆ ಗಡ್ಡ ಬೋಳಿಸದ ಹಾಗೆ ಕಾಣ್ತದೆ. ಮಿಷಿನ್ ಎಂಬ್ರಾಯ್ಡರಿಯ ಹೊಳಪು ಪಾಲಿಸ್ಟರ್ ನೂಲು ನಡಿತದೆ, ನಾನು ಎರಡು ರಾಡಿಗೆ ಅದನ್ನೇ ಸುತ್ತಿದ್ದೇನೆ, ಕಲಿಯುವವರಿಗೆ ಅದೇ ಒಳ್ಳೆಯದು, ತಪ್ಪಿದ್ರೆ ಬಿಚ್ಚಿ ಬಿಸಾಡಿದ್ರೂ ಹೊಟ್ಟೆ ಉರಿಯುದಿಲ್ಲ.

ಸುತ್ತುವಾಗ ಕಾಲಿನ ತುದಿಗಿಂತ ಎರಡು ಮೂರು ಮಿಲಿಮೀಟರ್ ಮೊದಲೇ ಬ್ಲಾಂಕಿನ ಮೇಲೆ ಶುರುಮಾಡಿ, ಕಾಲು ಹತ್ತಿ ಫ್ರೇಮಿನವರೆಗೆ ಹೋಗಿ. ಒಂಟಿ ಕಾಲಿನ ಗೈಡಿಗೆ ಒಂದು ಭಯ ಉಂಟು, ಎಳೆತಕ್ಕೆ ನೂಲಿನ ಅಡಿಯಿಂದ ಜಾರಿ ಹೊರಗೆ ಬರುದು. ಅದಕ್ಕೆ ಫೋರ್ಹ್ಯಾನ್ ಲಾಕಿಂಗ್ ಅಂತ ಒಂದು ಸುತ್ತು ಉಂಟು, ಫ್ರೇಮಿನ ಬುಡಕ್ಕೆ ಬಂದ ಮೇಲೆ ನಿಲ್ಲಿಸದೆ ನೂಲನ್ನು ಆಚೆ ಬದಿಗೆ ದಾಟಿಸಿ ನಾಲ್ಕೈದು ಸುತ್ತು ಹಾಕಿ ಮುಗಿಸುದು. ಮುಗಿಸ್ಲಿಕ್ಕೆ ಇನ್ನೂ ಕೆಲವು ಸುತ್ತು ಬಾಕಿ ಇರುವಾಗ ಒಂದು ನೂಲಿನ ಕುಣಿಕೆ ಅಡಿಯಲ್ಲಿ ಇಟ್ಟುಕೊಂಡು, ಕೊನೆಯ ತುದಿಯನ್ನು ಅದರೊಳಗೆ ಹಾಕಿ ಎಳೆದ್ರೆ ಗಂಟಿಲ್ಲದೆ ಮುಗಿತದೆ. ನೂಲು ತುಂಬಾ ಬಿಗಿ ಬೇಡ, ಸುತ್ತಿದ ಮೇಲೂ ಗೈಡನ್ನು ಹೆಬ್ಬೆರಳಲ್ಲಿ ದೂಡಿದ್ರೆ ಒಂಚೂರು ಅಲ್ಲಾಡಬೇಕು, ಸಾಲು ಸರಿಮಾಡುದು ಆಗಲೇ.

ಎಪಾಕ್ಸಿಯಲ್ಲಿ ತೆಳು ಮತ್ತು ದಪ್ಪ ಅಂತ ಎರಡು ಬರ್ತದೆ. ದಪ್ಪದ್ದು ಒಂದೇ ಕೋಟಲ್ಲಿ ಮುಗಿತದೆ ಅಂತ ಆಸೆ ಆಗ್ತದೆ, ಮೈಕ್ರೋಗೆ ಆ ಆಸೆ ಬೇಡ. ಕಾಲಿನ ಎರಡು ಬದಿಯಲ್ಲಿ ನೂಲಿನ ಅಡಿ ಸಣ್ಣ ಸುರಂಗ ಉಳಿತದೆ, ತೆಳು ಎಪಾಕ್ಸಿ ಅದರೊಳಗೆ ಇಳಿತದೆ, ದಪ್ಪದ್ದು ಮೇಲೆಯೇ ಕೂತು ಸುರಂಗ ಖಾಲಿ ಉಳಿತದೆ, ಆಮೇಲೆ ಉಪ್ಪುನೀರು ಹೊಕ್ಕಿ ಒಳಗಿಂದ ತುಕ್ಕು. ತೆಳುವಿನದ್ದು ಎರಡು ಕೋಟು ಹಾಕಿ. ಎರಡು ಬಾಟ್ಲಿಯಿಂದ ಸಮ ಸಮ ಅಳತೆ, ಬೇರೆ ಬೇರೆ ಸಿರಿಂಜಲ್ಲಿ, ಸಿರಿಂಜ್ ಅದಲು ಬದಲು ಮಾಡಿದ್ರೆ ಬಾಟ್ಲಿ ಹಾಳು. ತಲಾ 3 ಎಂಎಲ್‌ಗಿಂತ ಕಮ್ಮಿ ಕಲಸಬೇಡಿ, ಅಷ್ಟು ಕಮ್ಮಿಯಲ್ಲಿ ಒಂದು ಹನಿ ಹೆಚ್ಚುಕಮ್ಮಿ ಆದ್ರೂ ತಿಂಗಳಾದ್ರೂ ಅಂಟು ಅಂಟು ಇರ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಈ ಕೆಲಸವೇ ಬೇಡ, ತೇವಕ್ಕೆ ಮೇಲ್ಮೈ ಮಬ್ಬು ಮಬ್ಬು ಆಗ್ತದೆ. ಹಾಕಿದ ಕಾಲು ಗಂಟೆ ಮೇಲೆ ಪ್ರತಿ ರಿಂಗಿನೊಳಗೆ ಹಲ್ಲುಕಡ್ಡಿ ಆಡಿಸಿ ನೋಡುದು ಮರೆಯಬೇಡಿ, ಒಂದು ಹನಿ ನುಗ್ಗಿ ಗಟ್ಟಿಯಾದ್ರೆ 4 ನಂಬರಿನ ತೂತು ಮುಚ್ಚಿಯೇ ಹೋಯಿತು.

ರಾಡ್ ತಿರುಗ್ತಾ ಇರಬೇಕಲ್ಲ, ಇಲ್ಲದಿದ್ರೆ ಎಪಾಕ್ಸಿ ಕೆಳಗೆ ಜೋತು ಬೀಳ್ತದೆ. ಅದಕ್ಕೆ ಹಾಳಾದ ಮೈಕ್ರೋವೇವ್ ಓವನ್ನಿನ ತಟ್ಟೆ ತಿರುಗಿಸುವ ಮೋಟಾರು ಸಾಕು, ನಿಮಿಷಕ್ಕೆ ಐದಾರು ಸುತ್ತು, ಮೇಲೆ ಎಷ್ಟು ವೋಲ್ಟ್ ಅಂತ ಬರೆದದ್ದು ನೋಡಿಯೇ ಕರೆಂಟ್ ಕೊಡಿ, ಎಲ್ಲವೂ 230 ಅಲ್ಲ. ರಾತ್ರಿ ಊಟದ ಮೊದಲು ಹಚ್ಚಿದ್ರೆ ಮಲಗುವವರೆಗೆ ತಿರುಗ್ಲಿ.

ಕೊನೆಗೆ ತುದಿಯ ಗೈಡ್. ಅದರ ರಿಂಗ್ ಉಳಿದದ್ದರಷ್ಟೇ ಅಥವಾ ಒಂದು ನಂಬರ್ ದೊಡ್ಡದು ಇರ್ಲಿ, ಕಸ ಮೊದಲು ಸಿಕ್ಕುದೇ ಅಲ್ಲಿ. ಬ್ಲಾಂಕಿನ ತುದಿಗೆ ತೊಡಿಸುವ ಅದರ ಕೊಳವೆಯ ಅಳತೆ ಮಾತ್ರ ಮಿಲಿಮೀಟರ್ ಅಲ್ಲದೆ ಇಂಚಿನ 64ರಲ್ಲಿ ಒಂದು ಭಾಗದ ಲೆಕ್ಕದಲ್ಲಿ ಬರುದುಂಟು, 4.5 ಅಂದ್ರೆ 64ರಲ್ಲಿ ನಾಲ್ಕೂವರೆ ಪಾಲು, ಅಂದ್ರೆ ಸುಮಾರು 1.8 ಎಂಎಂ. ಆ ಹುಡುಗ ಇದನ್ನು 4.5 ಎಂಎಂ ಅಂತ ಓದಿ ತರಿಸಿದ್ದಾನೆ, 5.5 ಗೈಡುಗಳ ಜೊತೆ. ಗೈಡ್ ಸರಿ ಬಂದಿದೆ, ಕಾಲು ಉಜ್ಜಿ ಆಯ್ತು, ತುದಿಯದ್ದು ಅವನ ಬ್ಲಾಂಕಿಗೆ ಹೊಕ್ಕುದಿಲ್ಲ, ಬೇರೆ ಬರುವವರೆಗೆ ಕಾಯ್ತಾ ಇದ್ದೇವೆ. ಬಂದ ಮೇಲೆ ಅದನ್ನು ಎಪಾಕ್ಸಿಯಲ್ಲಿ ಅಲ್ಲ, ಹಾಟ್ ಗ್ಲೂವಲ್ಲಿಯೇ ಅಂಟಿಸುದು, ನಾಳೆ ಬಂಡೆಗೆ ಬಡಿದು ರಿಂಗ್ ಹೋದ್ರೆ ಲೈಟರಿನಲ್ಲಿ ಕೊಳವೆಗೆ ಒಂಚೂರು ಬಿಸಿ ತೋರಿಸಿ ಎಳೆದ್ರೆ ಬರ್ತದೆ.